ವೀರಗಲ್ಲಿನಿಂದ ರಸ್ತೆಯ ಫಲಕದವರೆಗೆ



ಯಾದಗಿರಿಯ ರೈಲು ನಿಲ್ದಾಣದಲ್ಲಿ ಇಳಿದ ಹೊಸಬ ಆಟೋದವನಿಗೆ ಏನು ಹೇಳುತ್ತಾನೆ? ಗಾಂಧಿ ಚೌಕ ಎನ್ನುತ್ತಾನೆ, ಸುಭಾಷ್ ವೃತ್ತ ಎನ್ನುತ್ತಾನೆ, ಇಲ್ಲವೇ ಗಂಜ್ ಎನ್ನುತ್ತಾನೆ. ಶಹಾಪುರದಲ್ಲಾದರೆ ಸಿ.ಬಿ. ಕಮಾನು. ಸುರಪುರದಲ್ಲಾದರೆ ದರಬಾರ ರಸ್ತೆ, ರಂಗಂಪೇಟೆ, ತಿಮ್ಮಾಪುರ. ಈ ಹೆಸರುಗಳನ್ನು ಒಂದು ಕಡೆ ಬರೆದುಕೊಂಡು ನೋಡಿದರೆ ಅವುಗಳಲ್ಲಿ ದೇವರಿದ್ದಾರೆ, ಶರಣರಿದ್ದಾರೆ, ಅರಸರಿದ್ದಾರೆ, ದೇಶದ ನಾಯಕರಿದ್ದಾರೆ, ಬಾಜಾರವಿದೆ. ಇನ್ನುಳಿದ ರಸ್ತೆಗಳಿಗೆ ಅವು ಮುಟ್ಟುವ ಊರೇ ಹೆಸರು: ಹೈದರಾಬಾದ್ ರಸ್ತೆ, ಚಿತ್ತಾಪುರ ರಸ್ತೆ. ಸುಭಾಷ್ ಬಾಬು ಸೇನಾನಿಯೇ ಹೌದು. ಆದರೆ ಅವರ ಸೈನ್ಯದಲ್ಲಿ ಹೆಜ್ಜೆ ಹಾಕಿ ಬರ್ಮಾದ ಕಾಡಿನಲ್ಲಿ ಸತ್ತವನ ಹೆಸರು ಯಾವ ವೃತ್ತದಲ್ಲಿದೆ? ಥಟ್ಟನೆ ಬಾಯಿಗೆ ಬರುವ ಹೆಸರುಗಳಲ್ಲಿ ಕಾದಿ ಸತ್ತ ಸಾಮಾನ್ಯ ಸಿಪಾಯಿ ಕಾಣಸಿಗುವುದಿಲ್ಲ.

ಇದು ಹೊಸ ಕೊರತೆ. ಹಳೆಯ ಕಾಲದಲ್ಲಿ ಈ ಸೀಮೆಯಲ್ಲಿ ಹೀಗಿರಲಿಲ್ಲ. ಕನ್ನಡ ನಾಡಿನ ಯಾವುದೇ ಹಳ್ಳಿಯ ಅಗಸಿಯ ಹತ್ತಿರ, ಹನುಮಪ್ಪನ ಗುಡಿಯ ಬದಿಗೆ, ಕೆರೆಯ ಏರಿಯ ಮೇಲೆ ನಿಂತಿರುವ ಒಂದು ಕಲ್ಲನ್ನು ನೋಡಿ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವಿನ ಪಟ್ಟಿಯಲ್ಲಿ ಸತ್ತವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲಿನ ಪಟ್ಟಿಯಲ್ಲಿ ಲಿಂಗದ ಮುಂದೆ ಕೂತ ವೀರ. ಕರ್ನಾಟಕದಲ್ಲಿ ವೀರಗಲ್ಲುಗಳು ಸಾವಿರಗಟ್ಟಲೆ ಇವೆ. ಆರ್. ಶೇಷಶಾಸ್ತ್ರಿಗಳು ಇದೇ ವಿಷಯವನ್ನು ಹಿಡಿದು ದೊಡ್ಡ ಗ್ರಂಥವನ್ನೇ ಬರೆದರು. ಅಕ್ಷರವಿರುವ ಕಲ್ಲುಗಳನ್ನು ಓದಿದರೆ ಅವು ಹೆಚ್ಚು ಮಾತಾಡುವುದಿಲ್ಲ. ಯಾರ ಆಳ್ವಿಕೆ, ಯಾವ ಊರು, ಯಾತಕ್ಕಾಗಿ ಕಾಳಗ, ಸತ್ತವನು ಯಾರ ಮಗ, ಕಲ್ಲು ನಿಲ್ಲಿಸಿದವರು ಯಾರು, ಅವನ ಮನೆಯವರಿಗೆ ಎಷ್ಟು ಭೂಮಿ ಬಿಟ್ಟರು: ಇಷ್ಟೇ. ಸತ್ತವನು ದಂಡನಾಯಕನೇ ಆಗಬೇಕಾಗಿರಲಿಲ್ಲ. ದನ ಹೊಡೆದುಕೊಂಡು ಹೋದ ಕಳ್ಳರ ಬೆನ್ನುಹತ್ತಿ ಸತ್ತ ಒಕ್ಕಲಿಗನಿಗೂ ಕಲ್ಲು ಸಿಕ್ಕಿತು, ಊರ ಹೆಣ್ಣುಮಕ್ಕಳ ಮಾನ ಕಾಯಲು ಹೋಗಿ ಸತ್ತವನಿಗೂ ಸಿಕ್ಕಿತು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನದಲ್ಲಿ, ಅಂದರೆ ಕ್ರಿ.ಶ. 949-50ರ ಸುಮಾರಿಗೆ, ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಯ ಹೆಸರೂ ಉಳಿದಿದೆ. ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೆರ ತನ್ನ ಒಡೆಯ ಗಂಗ ಬೂತುಗನಲ್ಲಿ ಬೇಡಿ ಪಡೆದ ನಾಯಿ ಅದು. ಸಾವಿರ ವರ್ಷದ ಹಿಂದೆ ಒಂದು ನಾಯಿಗೆ ಸಿಕ್ಕ ಮನ್ನಣೆ ಇಂದು ಅನೇಕ ಸಿಪಾಯಿಗಳಿಗೆ ಅವರ ಸ್ವಂತ ಓಣಿಯಲ್ಲಿ ಸಿಕ್ಕಿಲ್ಲ.

ಇನ್ನೊಂದು ಸಂಗತಿ. ಬೆಂಗಳೂರು ಎಂಬ ಹೆಸರು ಮೊಟ್ಟಮೊದಲು ಬರಹದಲ್ಲಿ ಕಾಣಿಸಿಕೊಳ್ಳುವುದು ಬೇಗೂರಿನ ದೇವಾಲಯದ ಒಂದು ವೀರಗಲ್ಲಿನಲ್ಲಿ, ಸುಮಾರು ಕ್ರಿ.ಶ. 890ರಲ್ಲಿ. ಬೆಂಗಳೂರಿನ ಕಾಳಗದಲ್ಲಿ ಸತ್ತವರನ್ನು ನೆನೆಯಲು ನಿಲ್ಲಿಸಿದ ಕಲ್ಲು ಅದು. ಇಂದು ಆ ಮಹಾನಗರದಲ್ಲಿ ಸೈನಿಕರ ಹೆಸರನ್ನು ರಸ್ತೆಗೆ ಇಡಬೇಕೇ ಬೇಡವೇ ಎಂದು ಚರ್ಚೆ ಆಗುತ್ತದೆ. ಆದರೆ ಕಾದಿ ಸತ್ತವರ ನೆನಪಿನ ಕಲ್ಲೊಂದೇ ಆ ನಗರದ ಹೆಸರನ್ನು ಇಷ್ಟು ಶತಮಾನ ಹೊತ್ತು ತಂದಿದೆ.

ವೀರಗಲ್ಲಿನ ಬಗ್ಗೆ ಮಾತಾಡುವಾಗ ಬಹಳ ಜನ ಶಿಲ್ಪದ ಬಗ್ಗೆ ಮಾತಾಡಿ ಮುಗಿಸುತ್ತಾರೆ. ಕಲ್ಲಿನ ಜೊತೆಗೆ ಹೋಗುತ್ತಿದ್ದ ಭೂಮಿಯ ಮಾತನ್ನು ಮರೆಯುತ್ತಾರೆ. ನೆತ್ತರುಗೊಡಗೆ, ಬಾಳ್ಗಚ್ಚು, ಕಲ್ನಾಡು ಎಂಬ ಶಬ್ದಗಳು ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ನೆತ್ತರು ಚೆಲ್ಲಿದವನ ಮನೆಗೆ ಬಿಟ್ಟ ಕೊಡುಗೆಯೇ ನೆತ್ತರುಗೊಡಗೆ. ಕಲ್ಲು ಒಂದು ಕಡೆ, ಹೊಲ ಒಂದು ಕಡೆ. ಎರಡೂ ಸೇರಿಯೇ ಸ್ಮಾರಕ. ಕಲ್ಲಿನ ಮೇಲೆ ಬರೆಸಿದ್ದು ಆ ಭೂಮಿಯ ಪತ್ರವೂ ಹೌದು. ಮುಂದೆ ಯಾವನಾದರೂ ಗೌಡ ಆ ಹೊಲ ಕಿತ್ತುಕೊಳ್ಳಲು ಬಂದರೆ ವಿಧವೆ ಅವನನ್ನು ಕಲ್ಲಿನ ಹತ್ತಿರ ಕರೆದು ನಿಲ್ಲಿಸಬಹುದಾಗಿತ್ತು. ಇಂದಿನ ಫಲಕಕ್ಕೆ ಈ ಬಲವಿಲ್ಲ. ಫಲಕದ ಉದ್ಘಾಟನೆಯ ದಿನ ಘೋಷಿಸಿದ ನಿವೇಶನ ಬೇರೆ ಇಲಾಖೆಯಲ್ಲಿ, ಮಗನ ನೌಕರಿಯ ಕಡತ ಮತ್ತೊಂದು ಇಲಾಖೆಯಲ್ಲಿ, ಪಿಂಚಣಿ ಇನ್ನೊಂದು ಊರಿನಲ್ಲಿ. ಹೂಮಾಲೆ ಬಾಡಿದ ಮೇಲೆ ಮನೆಯವರು ಓಡಾಡುವುದು ಈ ಮೂರು ಬಾಗಿಲುಗಳ ನಡುವೆ. ರಸ್ತೆಗೆ ಹೆಸರಿಡುವವರು ಅದೇ ಸಭೆಯಲ್ಲಿ ಈ ಕಡತಗಳ ಗತಿಯನ್ನೂ ಕೇಳಿದರೆ ಹಳೆಯ ಪದ್ಧತಿಯ ಅರ್ಧವಾದರೂ ಉಳಿದಂತಾಗುತ್ತದೆ.

ಈಗ ಸುರಪುರಕ್ಕೆ ಬರೋಣ. ಬಿದ್ದವರ ಹೆಸರಿನ ಪ್ರಶ್ನೆ ಈ ಜಿಲ್ಲೆಯಲ್ಲಿ ಎಲ್ಲಾದರೂ ಚುರುಕಾಗಿ ಚುಚ್ಚುತ್ತದೆ ಎಂದರೆ ಅದು ಇಲ್ಲಿಯೇ.

1705ರ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಔರಂಗಜೇಬ ಸ್ವತಃ ಬಂದು ವಾಗಣಗೇರಿಯ ಕೋಟೆಗೆ ಮುತ್ತಿಗೆ ಹಾಕಿದ. ಎಂಬತ್ತಾರರ ಮುದುಕ ಬಾದಶಹ. ಅವನ ಆಯುಷ್ಯದ ಕೊನೆಯ ಮುತ್ತಿಗೆ ಅದು. ಬೇಡರ ನಾಯಕ ಪಿಡ್ಡ ನಾಯಕ ಕೊನೆಗೆ ಕೋಟೆ ಬಿಟ್ಟು ಪಾರಾದ. ಬಾದಶಹ ಕೈವಶವಾದ ಕೋಟೆಗೆ ರಹಮಾನ್ ಬಕ್ಷ್ ಎಂದು ಹೆಸರಿಟ್ಟ. ಗೆದ್ದ ಕೋಟೆಗಳಿಗೆಲ್ಲ ಹೊಸ ಹೆಸರಿಡುವುದು ಅವನ ರೂಢಿ. ಸಾತಾರೆಗೆ ಅಜಮತಾರಾ ಎಂದು ಇಟ್ಟದ್ದೂ ಹಾಗೆಯೇ. ಎರಡು ವರ್ಷದೊಳಗೆ ಅವನು ತೀರಿಕೊಂಡ. ಇಂದು ಸುರಪುರದ ಬಸ್ ನಿಲ್ದಾಣದಲ್ಲಿ ನಿಂತು ರಹಮಾನ್ ಬಕ್ಷ್ ಎಲ್ಲಿ ಎಂದು ಕೇಳಿದರೆ ದಾರಿ ತೋರಿಸುವವರು ಸಿಗಲಾರರು. ವಾಗಣಗೇರಿ ಎಂದರೆ ಎಲ್ಲರಿಗೂ ಗೊತ್ತು. ಹಿಂದೂಸ್ಥಾನದ ಬಾದಶಹನ ಫರ್ಮಾನಿಗೂ ಬಗ್ಗದ ನಾಲಿಗೆ ಜನರದು. ನಗರಸಭೆಯ ನಿರ್ಣಯ ಯಾವ ಲೆಕ್ಕ ಎಂದು ಹೆಸರು ಬದಲಿಸಲು ಹೊರಟವರು ಒಮ್ಮೆ ಯೋಚಿಸಬೇಕು. ಆ ಮುತ್ತಿಗೆಯಲ್ಲಿ ಎರಡೂ ಕಡೆ ಸತ್ತ ಸಿಪಾಯಿಗಳ ಪೈಕಿ ಊರು ನೆನೆಯುವ ಹೆಸರು ಮಾತ್ರ ಒಂದೂ ಇಲ್ಲ.

ಅಲ್ಲಿಂದ ನೂರೈವತ್ತು ವರ್ಷ ದಾಟಿ 1858ಕ್ಕೆ ಬರಬೇಕು. ರಾಜಾ ವೆಂಕಟಪ್ಪ ನಾಯಕನಿಗೆ ಆಗ ಇನ್ನೂ ಇಪ್ಪತ್ತನಾಲ್ಕು ತುಂಬಿರಲಿಲ್ಲ. ಅವನು ಬಾಲಕನಾಗಿದ್ದಾಗ 1841ರಿಂದ ಸಂಸ್ಥಾನದ ಆಡಳಿತ ನೋಡಿಕೊಂಡವನು ಫಿಲಿಪ್ ಮೆಡೋಸ್ ಟೇಲರ್ ಎಂಬ ಇಂಗ್ಲಿಷ್ ಅಧಿಕಾರಿ. ರಾಜ ಅವನನ್ನು ಅಪ್ಪಾ ಎಂದೇ ಕರೆಯುತ್ತಿದ್ದ. ರಾಜ ಪ್ರಾಯಕ್ಕೆ ಬಂದ ಮೇಲೆ 1853ರಲ್ಲಿ ಅಧಿಕಾರ ಒಪ್ಪಿಸಿ ಟೇಲರ್ ಹೊರಟುಹೋದ. 1857ರ ಗಾಳಿ ದಕ್ಷಿಣಕ್ಕೂ ಬೀಸಿತು. ಲಿಂಗಸುಗೂರಿನಿಂದ ಕ್ಯಾಪ್ಟನ್ ವಿಂಡ್ಯಾಮ್‌ನ ಪಡೆ ಸುರಪುರದ ಹೊರಗೆ ಬಂದು ಡೇರೆ ಹಾಕಿತು. 1858ರ ಫೆಬ್ರವರಿ 7ರ ರಾತ್ರಿ ಬೇಡರ ಪಡೆ ಅದರ ಮೇಲೆ ಬಿದ್ದಿತು. ರಾತ್ರಿಯಿಡೀ ಗುಂಡಿನ ಸದ್ದು. ಮರುದಿನ ಬೆಳಿಗ್ಗೆ ನೆರವಿಗೆ ಬಂದ ಮದ್ರಾಸ್ ಅಶ್ವದಳದ ಕ್ಯಾಪ್ಟನ್ ನ್ಯೂಬೆರಿ ಬೇಡರ ಮೇಲೆ ಏರಿಹೋಗಿ ಸತ್ತ. ಅವನ ಕಿರಿಯ ಅಧಿಕಾರಿ ಸ್ಟೀವರ್ಟ್ ಮಾರಣಾಂತಿಕವಾಗಿ ಗಾಯಗೊಂಡ. ಕರ್ನಲ್ ಹ್ಯೂಸ್, ಕರ್ನಲ್ ಮಾಲ್ಕಮ್ ಇವರ ದೊಡ್ಡ ಪಡೆಗಳು ಹತ್ತಿರವಾದ ಸುದ್ದಿ ತಿಳಿದು ರಾಜ ಹೈದರಾಬಾದಿನ ಕಡೆಗೆ ಕುದುರೆ ಏರಿದ. ಅಲ್ಲಿ ಸಿಕ್ಕಿಬಿದ್ದ. ವಿಚಾರಣೆ ನಡೆದು ಮರಣದಂಡನೆಯಾಯಿತು. ಅದು ತಗ್ಗಿ ಗಡೀಪಾರು, ಅದೂ ತಗ್ಗಿ ನಾಲ್ಕು ವರ್ಷದ ಬಂಧನವಾಯಿತು. ಮದ್ರಾಸಿನ ಹತ್ತಿರದ ಚೆಂಗಲ್‌ಪಟ್ಟಿನ ಕೋಟೆಗೆ ಕರೆದೊಯ್ಯುವಾಗ ದಾರಿಯಲ್ಲಿ, ಮೇ ತಿಂಗಳಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ಸತ್ತ. ತಾನೇ ಹಾರಿಸಿಕೊಂಡ ಎಂದು ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದ. ಸುರಪುರದ ಜನ ಅದನ್ನು ಪೂರ್ತಿ ನಂಬಿದ್ದಿಲ್ಲ. 1860ರಲ್ಲಿ ಇಂಗ್ಲಿಷರು ಸಂಸ್ಥಾನವನ್ನು ನಿಜಾಮನಿಗೆ ಬಹುಮಾನವಾಗಿ ಕೊಟ್ಟರು.

ಈ ಕಥೆಯಲ್ಲಿ ಹೆಸರು ಉಳಿದವರು ಯಾರು ಎಂದು ಲೆಕ್ಕ ಹಾಕಿ. ರಾಜ ಉಳಿದ, ಉಳಿಯಬೇಕಾದ್ದೇ. ಟೇಲರ್ ಉಳಿದ, ಗುಡ್ಡದ ಮೇಲಿನ ಅವನ ಬಂಗಲೆ ಟೇಲರ್ ಮಂಜಿಲ್ ಎಂದು ಇಂದಿಗೂ ಊರಿನ ಬಾಯಲ್ಲಿದೆ, ಅದಕ್ಕೆ ಯಾವ ನಿರ್ಣಯವೂ ಬೇಕಾಗಲಿಲ್ಲ. ನ್ಯೂಬೆರಿ, ಸ್ಟೀವರ್ಟ್ ಇಬ್ಬರೂ ಇಂಗ್ಲಿಷರ ದಫ್ತರಗಳಲ್ಲಿ ಉಳಿದರು. ಆ ರಾತ್ರಿ ಕತ್ತಲಲ್ಲಿ ಗುಡ್ಡ ಇಳಿದು ಹೋಗಿ ಮರಳಿ ಹತ್ತದ ಬೇಡರ ಹುಡುಗರು? ರಾಜನ ಅನ್ನ ಉಂಡು ಸತ್ತ ಸಿಪಾಯಿಗಳು ಅವರು. ಅತ್ತ ಕಡೆ ಲಿಂಗಸುಗೂರಿನ ಪಡೆಯಲ್ಲೂ ಸಿಪಾಯಿಗಳು ಈ ದೇಶದವರೇ, ಹೊಟ್ಟೆಪಾಡಿಗೆ ಸೇರಿದವರೇ. ದಫ್ತರಗಳು ಇವರನ್ನು ಎಣಿಸಿದವೇ ಹೊರತು ಹೆಸರು ಹಿಡಿದು ನೆನೆಯಲಿಲ್ಲ.

ಹಲಗಲಿಯ ಜನ ಈ ವಿಷಯದಲ್ಲಿ ಅದೃಷ್ಟವಂತರು. 1857ರ ಕೊನೆಯಲ್ಲಿ ಆಯುಧ ಒಪ್ಪಿಸುವುದಿಲ್ಲ ಎಂದು ಎದ್ದುನಿಂತ ಮುಧೋಳ ಸೀಮೆಯ ಆ ಬೇಡರಲ್ಲಿ ಜಡಗ, ಬಾಲ, ಹಣಮ, ರಾಮ ಎಂಬ ಹೆಸರುಗಳು ಲಾವಣಿಯಲ್ಲಿ ಸೇರಿಕೊಂಡು ಶಾಲೆಯ ಪಠ್ಯದವರೆಗೂ ಬಂದವು. ಸುರಪುರಕ್ಕೆ ಬಂದಿದ್ದ ಅದೇ ಹ್ಯೂಸ್ ಮುಂದೆ ಕೊಪ್ಪಳದ ಕೋಟೆಯನ್ನು ಮುರಿದ, ಅಲ್ಲಿ ಮುಂಡರಗಿ ಭೀಮರಾಯ ಬಿದ್ದ. ಅದೇ ಮಾಲ್ಕಮ್ ನರಗುಂದಕ್ಕೆ ಹೋದ, ಬಾಬಾಸಾಹೇಬನಿಗೆ ಬೆಳಗಾವಿಯಲ್ಲಿ ಗಲ್ಲಾಯಿತು. ಒಂದೇ ವರ್ಷದ, ಒಂದೇ ಪಡೆಗಳ ಕಥೆ. ಎಲ್ಲಿ ಹಾಡುಗಾರ ಸಿಕ್ಕನೋ ಅಲ್ಲಿ ಸಾಮಾನ್ಯರ ಹೆಸರೂ ಉಳಿಯಿತು, ಸಿಗದ ಕಡೆ ನಾಯಕನ ಹೆಸರಷ್ಟೇ ಉಳಿಯಿತು. ಹೆಸರು ಗೊತ್ತಿಲ್ಲದ ಆ ಸಿಪಾಯಿಗಳ ಸಲುವಾಗಿ ಸುರಪುರದ ಒಂದು ರಸ್ತೆಗೆ ಫೆಬ್ರವರಿ 8ರ ಹೆಸರಿಟ್ಟರೂ ತಪ್ಪಿಲ್ಲ. ತಾರೀಖಿನ ಹೆಸರಿನ ರಸ್ತೆಗಳು ಜಗತ್ತಿನ ಬಹಳ ದೇಶಗಳಲ್ಲಿವೆ.

ರಸ್ತೆಯ ಹೆಸರು ಶಾಶ್ವತ ಎಂದು ತಿಳಿಯುವವರು ಬೆಂಗಳೂರಿನ ಒಂದು ಉದಾಹರಣೆ ನೋಡಬೇಕು. 1791ರ ಮಾರ್ಚಿನಲ್ಲಿ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆಯನ್ನು ಹಿಡಿದಾಗ ಸತ್ತ ತಮ್ಮವರಿಗಾಗಿ ಇಂಗ್ಲಿಷರು ಒಂದು ಎತ್ತರದ ಸ್ತಂಭ ಕಟ್ಟಿದರು. ಅದರ ಮುಂದಿನ ದಾರಿಗೆ ಸೆನೊಟಾಫ್ ರಸ್ತೆ ಎಂದೇ ಹೆಸರಾಯಿತು. ಅದೇ ಮುತ್ತಿಗೆಯಲ್ಲಿ ಟಿಪ್ಪುವಿನ ಕಿಲ್ಲೇದಾರ ಬಹಾದ್ದೂರ್ ಖಾನ್ ಕೋಟೆಯ ಬಿರುಕಿನಲ್ಲಿ ನಿಂತು ಕಾದಿ ಸತ್ತ. ಅವನ ಹೆಸರಿನ ಸ್ತಂಭವೂ ಇಲ್ಲ, ರಸ್ತೆಯೂ ಇಲ್ಲ. ಸ್ವಾತಂತ್ರ್ಯ ಬಂದ ಮೇಲೆ ಪರಕೀಯರ ಗೆಲುವಿನ ಗುರುತು ಏತಕ್ಕೆ ಎಂಬ ಕೂಗೆದ್ದು 1964ರ ಅಕ್ಟೋಬರಿನಲ್ಲಿ ಸ್ತಂಭವನ್ನು ಕೆಡವಿದರು. ಆ ಜಾಗದಲ್ಲಿ ಮುಂದೆ ಕೆಂಪೇಗೌಡರ ಪ್ರತಿಮೆ ಬಂತು. ರಸ್ತೆ ನೃಪತುಂಗ ರಸ್ತೆಯಾಯಿತು. ನೃಪತುಂಗನ ಹೆಸರು ಕನ್ನಡಿಗರಿಗೆ ಬೇಕಾದ್ದೇ. ಆದರೂ ಒಂದು ಸಂಗತಿ ಗಮನಕ್ಕೆ ಬರುತ್ತದೆ: ಕೆಡವುವಾಗ ಇದ್ದ ಉತ್ಸಾಹ ಬಹಾದ್ದೂರ್ ಖಾನನಿಗೆ ಒಂದು ಕಲ್ಲು ನಿಲ್ಲಿಸುವಾಗ ಯಾರಿಗೂ ಬರಲಿಲ್ಲ.

ದೆಹಲಿಯ ತೀನ್ ಮೂರ್ತಿ ಚೌಕದ ಕಥೆ ಇದಕ್ಕಿಂತ ಬೇರೆ. ಅಲ್ಲಿ ನಿಂತಿರುವ ಮೂವರು ಕಂಚಿನ ಸವಾರರು ಮೊದಲನೆಯ ಮಹಾಯುದ್ಧದಲ್ಲಿ ಪಶ್ಚಿಮ ಏಷ್ಯಾದಲ್ಲಿ ಕಾದಿದ ಹೈದರಾಬಾದ್, ಮೈಸೂರು, ಜೋಧಪುರ ಲ್ಯಾನ್ಸರ್ ಪಡೆಗಳಿಗೆ ಸಂಬಂಧಿಸಿದವರು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಮೈಸೂರು ಮತ್ತು ಜೋಧಪುರದ ಸವಾರರು ಈಟಿ ಕತ್ತಿ ಹಿಡಿದು ಗೆದ್ದುಕೊಂಡರು. ಎದುರಿಗಿದ್ದದ್ದು ಮಷೀನ್ ಗನ್. ಹೈದರಾಬಾದಿನ ಪಡೆ ಅದೇ ದಳಕ್ಕೆ ಸೇರಿತ್ತು. ಆಗ ಯಾದಗಿರಿ, ಶಹಾಪುರ, ಸುರಪುರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಅಂದರೆ ಆ ಮೂರು ಮೂರ್ತಿಗಳಲ್ಲಿ ಎರಡು ಇಂದಿನ ಕರ್ನಾಟಕದ ಎರಡು ಭಾಗಗಳಿಗೂ ನಂಟಿರುವಂಥವು. 2018ರ ಜನವರಿಯಲ್ಲಿ ಚೌಕದ ಹೆಸರು ತೀನ್ ಮೂರ್ತಿ ಹೈಫಾ ಚೌಕ ಎಂದಾಯಿತು. ಹಳೆಯ ಹೆಸರನ್ನು ತೆಗೆದು ಎಸೆಯದೆ ಅದರ ಪಕ್ಕದಲ್ಲಿ ಹೊಸದನ್ನು ಕೂರಿಸಿದ ಈ ರೀತಿ ಒಳ್ಳೆಯದು. ಜನರಿಗೆ ತೊಡಕಿಲ್ಲ, ಅರ್ಥವೂ ಹೆಚ್ಚಿತು.

ಕರ್ನಾಟಕದಲ್ಲಿ ಸೈನಿಕರ ಹೆಸರು ಊರಿನ ಮೈಮೇಲೆ ಎದ್ದು ಕಾಣುವ ಪಟ್ಟಣ ಮಡಿಕೇರಿ. ಅಲ್ಲಿನ ಒಂದು ವೃತ್ತಕ್ಕೆ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಹೆಸರಿದೆ. ಅವರ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಿಮಾನ ನೆಲೆಯ ಮೇಲೆ ದಾಳಿಗೆ ಹೋದ ತಂಡದಲ್ಲಿ ದೇವಯ್ಯ ಹೆಚ್ಚುವರಿಯಾಗಿದ್ದವರು. ಒಬ್ಬರ ವಿಮಾನ ಕೈಕೊಟ್ಟರೆ ಆ ಜಾಗಕ್ಕೆ ಹೋಗಬೇಕಾದವರು. ಹೋದರು, ಮರಳಲಿಲ್ಲ. ಅವರ ಮಿಸ್ಟೇರ್ ವಿಮಾನ ಹಳೆಯದು. ಎದುರಾದ ಸ್ಟಾರ್‌ಫೈಟರ್ ಆ ಕಾಲದ ಅತಿ ವೇಗದ ಯುದ್ಧವಿಮಾನಗಳಲ್ಲಿ ಒಂದು. ದೇವಯ್ಯ ಅದನ್ನು ಹೊಡೆದುರುಳಿಸಿ ತಾವೂ ಬಿದ್ದರು. ಆದರೆ ಇದನ್ನು ನೋಡಿ ಬಂದು ಹೇಳುವವರು ಈ ಕಡೆ ಯಾರೂ ಇರಲಿಲ್ಲ. ಹದಿನಾಲ್ಕು ವರ್ಷ ಕಳೆದು, 1979ರಲ್ಲಿ ಆ ಯುದ್ಧದ ಬಗ್ಗೆ ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಲೇಖಕ ಪಾಕಿಸ್ತಾನದ ಕಡೆಯ ಮಾಹಿತಿ ಆಧರಿಸಿ ಬರೆದ ಪುಸ್ತಕ ಬಂದ ಮೇಲೆ ವಿಷಯ ಹೊರಬಿತ್ತು. 1988ರಲ್ಲಿ, ಅಂದರೆ ಸತ್ತ ಇಪ್ಪತ್ತಮೂರು ವರ್ಷಕ್ಕೆ, ಮಹಾವೀರ ಚಕ್ರ ಬಂತು. ಶತ್ರುವಿನ ಸಾಕ್ಷಿಯಿಂದ ಸಿಕ್ಕ ಗೌರವ ಅದು. ಆ ಇಪ್ಪತ್ತಮೂರು ವರ್ಷ ಅವರ ಮನೆಯವರು ಕಣ್ಮರೆಯಾದ ಒಬ್ಬ ವೈಮಾನಿಕನ ಮನೆಯವರಾಗಿ ಮಾತ್ರ ಬದುಕಿದರು. ಮಡಿಕೇರಿಯಲ್ಲಿ ಪ್ರತಿ ಸೆಪ್ಟೆಂಬರ್ 7ಕ್ಕೆ ಆ ವೃತ್ತದಲ್ಲಿ ಹೂವಿಡುವವರು ಇದನ್ನೆಲ್ಲ ತಿಳಿದೇ ಇಡುತ್ತಾರೆ.

ಬೆಂಗಳೂರಿನ ಯಲಹಂಕದಲ್ಲಿ ಮೇಜರ್ ಸಂದೀಪ್ ಉನ್ನಿಕೃಷ್ಣನ್ ರಸ್ತೆ ಇದೆ. 2008ರ ನವೆಂಬರ್ 28ರಂದು ಮುಂಬಯಿಯ ತಾಜ್ ಹೋಟೆಲಿನಲ್ಲಿ ಸತ್ತ ಆ ಅಧಿಕಾರಿಯ ತಂದೆತಾಯಿಯ ಮನೆ ಅದೇ ಯಲಹಂಕದಲ್ಲಿ. ಮೂಲತಃ ಕೇರಳದ ಕುಟುಂಬ; ಊರು ಹುಡುಗನನ್ನು ತನ್ನವನೆಂದೇ ಎತ್ತಿಕೊಂಡಿತು. ಹೆಸರು ಅಂಗಡಿಗಳ ಬೋರ್ಡಿನಲ್ಲಿ, ಮನೆಗಳ ವಿಳಾಸದಲ್ಲಿ ಸೇರಿಕೊಂಡಿತು. ಹೆಸರು ನಿಲ್ಲುವುದು ಹೀಗೆ. ಉದ್ಘಾಟನೆಗೆ ಮಂತ್ರಿ ಬಂದದ್ದರಿಂದ ಅದು ನಿಲ್ಲುವುದಿಲ್ಲ. ವಿದ್ಯುತ್ ಬಿಲ್ಲಿನಲ್ಲಿ, ಪಡಿತರ ಚೀಟಿಯಲ್ಲಿ, ಅಂಚೆಯವನ ಬಾಯಲ್ಲಿ, ಮದುವೆಯ ಆಮಂತ್ರಣ ಪತ್ರಿಕೆಯಲ್ಲಿ ಬಂದಾಗ ನಿಲ್ಲುತ್ತದೆ.

ಉತ್ತರ ಕರ್ನಾಟಕದವರಿಗೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ನೆನಪು ಮಾಡಿಕೊಡಬೇಕಾಗಿಲ್ಲ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ 19ನೆಯ ಬೆಟಾಲಿಯನ್ನಿನ ಹತ್ತು ಮಂದಿ ಹೂತುಹೋದರು. ಆರು ದಿನದ ಮೇಲೆ ಹನುಮಂತಪ್ಪ ಜೀವಂತ ಸಿಕ್ಕಾಗ ಕುಂದಗೋಳ ತಾಲ್ಲೂಕಿನ ಆ ಹಳ್ಳಿಯಷ್ಟೇ ಅಲ್ಲ, ಇಡೀ ದೇಶ ಕೈಮುಗಿದು ಕಾಯಿತು. 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅದೇ ಹಿಮದಡಿ ಕರ್ನಾಟಕದ ಇನ್ನಿಬ್ಬರು ಸತ್ತರು: ಹಾಸನ ಜಿಲ್ಲೆಯ ತೇಜೂರಿನ ಸುಬೇದಾರ್ ನಾಗೇಶ, ಎಚ್.ಡಿ. ಕೋಟೆ ತಾಲ್ಲೂಕಿನ ಸಿಪಾಯಿ ಮಹೇಶ. ಒಂದೇ ಹಿಮ, ಒಂದೇ ದಿನ. ನಾಡಿನ ನೆನಪಿನಲ್ಲಿ ಮಾತ್ರ ಮೂವರ ಪಾಲು ಒಂದೇ ಆಗಿಲ್ಲ. ಆರು ದಿನದ ಪವಾಡ ಪತ್ರಿಕೆಗಳಿಗೆ ಸಿಕ್ಕಿತು, ಆ ಕ್ಷಣಕ್ಕೆ ಸತ್ತವರದು ಒಂದು ಸಾಲಿನ ಸುದ್ದಿ. ಇಂಥ ವ್ಯತ್ಯಾಸವನ್ನು ಸರಿಮಾಡಬಲ್ಲವರು ಅವರವರ ಊರಿನ ಪಂಚಾಯಿತಿಯವರೇ.

ಇನ್ನು ಶಬ್ದದ ಮಾತು. ಫಲಕದ ಮೇಲೆ ಹುತಾತ್ಮ ಎಂದು ಬರೆಯುವುದು ರೂಢಿ. ತನ್ನನ್ನು ಆಹುತಿ ಕೊಟ್ಟವನು ಎಂಬ ಅರ್ಥದ ಈ ಶಬ್ದ ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಗಟ್ಟಿಯಾಗಿ ನೆಲೆಗೊಂಡಿತು. ಸೈನ್ಯದ ಕಾಗದಪತ್ರಗಳಲ್ಲಿ ಇದಕ್ಕೆ ಸಮನಾದ ಶಬ್ದವಿಲ್ಲ ಎಂದು ಸರ್ಕಾರ ಸಂಸತ್ತಿನಲ್ಲೇ ಹೇಳಿದೆ. ಅಲ್ಲಿ ಯುದ್ಧದಲ್ಲಿ ಸತ್ತವರು ಎಂಬ ಲೆಕ್ಕವಷ್ಟೇ. ಜನ ಪ್ರೀತಿಯಿಂದ ಕರೆಯುವುದನ್ನು ಯಾರೂ ತಡೆಯಲಾರರು, ತಡೆಯಬೇಕಾಗಿಯೂ ಇಲ್ಲ. ಆದರೆ ದೊಡ್ಡ ವಿಶೇಷಣ ಬರೆದು ವಿವರ ಬಿಟ್ಟರೆ ಫಲಕ ಟೊಳ್ಳಾಗುತ್ತದೆ. ಹಳೆಯ ಕಲ್ಲು ಕಡೆಯುವವರಿಗೆ ಕಾದಿ ಸತ್ತ ಎಂಬ ಎರಡು ಮಾತು ಸಾಕಾಗುತ್ತಿತ್ತು. ಜೊತ್ಯಾಗಿ ಅವರು ತಂದೆಯ ಹೆಸರು, ಊರು, ವರ್ಷ ಬರೆಯುತ್ತಿದ್ದರು. ಇಂದಿನ ಫಲಕಗಳಲ್ಲಿ ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಘನ ಉಪಸ್ಥಿತರು ಇವರೆಲ್ಲರ ಹೆಸರು ಓದಿದ ಮೇಲೆ ಸತ್ತವನ ಹೆಸರು ಹುಡುಕಬೇಕು. ಅವನು ಎಂದು, ಎಲ್ಲಿ, ಯಾವ ಪಡೆಯಲ್ಲಿ ಸತ್ತ ಎಂಬುದು ಎಷ್ಟೋ ಕಡೆ ಇರುವುದೇ ಇಲ್ಲ.

ಹೆಸರಿಡುವ ಅಧಿಕಾರ ಪಟ್ಟಣಗಳಲ್ಲಿ ನಗರಸಭೆಯದು. ಯಾರಾದರೂ ಅರ್ಜಿ ಕೊಡಬೇಕು, ಸಭೆಯಲ್ಲಿ ನಿರ್ಣಯವಾಗಬೇಕು, ತಕರಾರುಗಳನ್ನು ಕೇಳಬೇಕು. ಊರುಗಳ ಹೆಸರು ಬದಲಾವಣೆಗೆ ಸಂಬಂಧಿಸಿ ಕೇಂದ್ರ ಗೃಹ ಮಂತ್ರಾಲಯ 1953ರಲ್ಲೇ ಒಂದು ಸೂಚನೆ ಹೊರಡಿಸಿದೆ: ಜನರಿಗೆ ರೂಢಿಯಾದ ಹೆಸರನ್ನು ಬಲವಾದ ಕಾರಣವಿಲ್ಲದೆ ಬದಲಿಸಬಾರದು, ಇತಿಹಾಸದ ನಂಟಿರುವ ಹೆಸರನ್ನು ಆದಷ್ಟೂ ಮುಟ್ಟಬಾರದು ಎಂಬುದು ಅದರ ಸಾರ. ರಸ್ತೆಗಳಿಗೂ ಇದೇ ವಿವೇಕ ಸಾಕು. ಹೆಸರಿನ ಜಗಳ ಎಲ್ಲಿಗೆ ಹೋಗಬಹುದು ಎಂಬುದನ್ನು ಯಾದಗಿರಿಯವರು ಕಣ್ಣಾರೆ ಕಂಡಿದ್ದಾರೆ. 2023ರ ಫೆಬ್ರವರಿಯಲ್ಲಿ ಹತ್ತಿಕುಣಿ ಕ್ರಾಸಿನ ವೃತ್ತದ ಹೆಸರಿನ ಸಲುವಾಗಿ ನಿಷೇಧಾಜ್ಞೆ ಹಾಕುವ ಮಟ್ಟಕ್ಕೆ ಬಂತು. ಅಂಗಡಿಯವರು, ಕೂಲಿಗೆ ಬಂದವರು ಎಲ್ಲರೂ ಅನುಭವಿಸಿದರು. ಇಂಥ ಹೊತ್ತಿನಲ್ಲಿ ಸೈನಿಕರ ಹೆಸರಿಡಿ, ಜಗಳ ನಿಲ್ಲುತ್ತದೆ ಎಂದು ಸಲಹೆ ಕೊಡುವವರಿದ್ದಾರೆ. ಸಲಹೆ ಕೇಳಲು ಹಿತವಾಗಿದೆ. ಆದರೆ ಸತ್ತ ಸಿಪಾಯಿಯನ್ನು ಎರಡು ಗುಂಪಿನ ನಡುವೆ ಮತ್ತೊಮ್ಮೆ ಗುರಾಣಿಯಾಗಿ ನಿಲ್ಲಿಸುವುದು ಅವನಿಗೆ ಮಾಡುವ ಗೌರವವಲ್ಲ. ಜಗಳವಿರುವ ವೃತ್ತ ಬೇರೆ, ಅವನ ಹೆಸರಿಗೆ ಬೇಕಾದ ರಸ್ತೆ ಬೇರೆ.

ಅಂಥ ರಸ್ತೆಗಳಿಗೆ ಬರವಿಲ್ಲ. 2009ರ ಡಿಸೆಂಬರ್ 30ರಂದು ಯಾದಗಿರಿ ಜಿಲ್ಲೆ ಹುಟ್ಟಿದ ಮೇಲೆ ಮೂರೂ ಪಟ್ಟಣಗಳು ಬೆಳೆದಿವೆ. ಹೊಸ ಬಡಾವಣೆಗಳಲ್ಲಿ ಮೊದಲನೆಯ ಅಡ್ಡರಸ್ತೆ, ಎರಡನೆಯ ಅಡ್ಡರಸ್ತೆ ಎಂದು ಅಂಕಿಯಲ್ಲೇ ಉಳಿದ ದಾರಿಗಳಿವೆ. ಅವುಗಳಿಗೆ ಹೆಸರಿಟ್ಟರೆ ಯಾರ ಹೆಸರೂ ಅಳಿಯುವುದಿಲ್ಲ. ಅದಕ್ಕಿಂತ ಒಳ್ಳೆಯದು ಸತ್ತವನ ಸ್ವಂತ ಓಣಿ, ಅವನು ಶಾಲೆಗೆ ನಡೆದುಹೋದ ದಾರಿ, ಹಳ್ಳಿಯವನಾದರೆ ಮುಖ್ಯರಸ್ತೆಯಿಂದ ಅವನ ಊರಿಗೆ ತಿರುಗುವ ಕೂಡುರಸ್ತೆ. ಉತ್ತರ ಪ್ರದೇಶದ ಲೋಕೋಪಯೋಗಿ ಇಲಾಖೆ ಜಯ ಹಿಂದ್ ವೀರ ಪಥ ಎಂಬ ಯೋಜನೆಯಲ್ಲಿ ಇದನ್ನೇ ಮಾಡಹೊರಟಿತು: ಸತ್ತ ಸೈನಿಕನ ಊರಿಗೆ ಹೋಗುವ ರಸ್ತೆಯನ್ನು ಸರಿಮಾಡಿ ಅದಕ್ಕೆ ಅವನ ಹೆಸರಿಡುವುದು. ಹೆಸರಿನ ಜೊತೆ ಡಾಂಬರೂ ಬರುತ್ತದೆ, ಹಳ್ಳಿಯವರಿಗೆ ಅದೇ ಇಂದಿನ ನೆತ್ತರುಗೊಡಗೆ. ಶಹಾಪುರ, ಸುರಪುರದ ಒಳಹಳ್ಳಿಗಳ ರಸ್ತೆಗಳಲ್ಲಿ ಮಳೆಗಾಲದಲ್ಲಿ ಬಸ್ಸಿನಲ್ಲಿ ಹೋದವರಿಗೆ ಇದರ ಬೆಲೆ ಗೊತ್ತು. ಗುಂಡಿ ಬಿದ್ದ ರಸ್ತೆಗೆ ವೀರನ ಹೆಸರಿಟ್ಟರೆ ದಿನಬೆಳಗಾದರೆ ಗಾಡಿ ಹೊಡೆಯುವವರು ಆ ಹೆಸರಿಟ್ಟವರನ್ನು ಬಯ್ಯುತ್ತಾರೆ.

ದೊಡ್ಡ ಸ್ಮಾರಕಗಳೂ ಬೇಕು. ದೆಹಲಿಯಲ್ಲಿ 2019ರ ಫೆಬ್ರವರಿಯಲ್ಲಿ ತೆರೆದ ರಾಷ್ಟ್ರೀಯ ಯುದ್ಧ ಸ್ಮಾರಕದ ಗೋಡೆಗಳ ಮೇಲೆ 25 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಬೆಂಗಳೂರಿನ ಸೈನಿಕ ಸ್ಮಾರಕ ಉದ್ಯಾನದಲ್ಲಿ 75 ಅಡಿ ಎತ್ತರದ ಏಕಶಿಲೆಯೊಂದನ್ನು ನಿಲ್ಲಿಸಿ ಅದಕ್ಕೆ ವೀರಗಲ್ಲು ಎಂಬ ಹಳೆಯ ಹೆಸರನ್ನೇ ಇಟ್ಟಿದ್ದಾರೆ. ಹೋದವರು ನೋಡಿ ಬರಬೇಕು. ಆದರೆ ವಾಗಣಗೇರಿಯ ತಾಯಿಯೊಬ್ಬಳು ಬೆಂಗಳೂರಿಗೆ ಹೋಗಿ ಸಾವಿರಾರು ಹೆಸರಿನಲ್ಲಿ ತನ್ನ ಮಗನನ್ನು ಹುಡುಕುವುದು ಜೀವಮಾನಕ್ಕೆ ಒಮ್ಮೆ. ಓಣಿಯ ಮೂಲೆಯ ಕಲ್ಲನ್ನು ಅವಳು ನೀರಿಗೆ ಹೋಗುವಾಗ, ಸಂತೆಗೆ ಹೋಗುವಾಗ ದಿನಾ ನೋಡುತ್ತಾಳೆ.

ತಗಡಿನ ಫಲಕಕ್ಕಿಂತ ಕಲ್ಲು ಮೇಲು ಎಂಬುದನ್ನೂ ಇಲ್ಲಿ ಹೇಳಬೇಕು. ತಗಡು ತುಕ್ಕು ಹಿಡಿಯುತ್ತದೆ, ಚುನಾವಣೆ ಬಂದರೆ ಅದರ ಮೇಲೆ ಭಿತ್ತಿಪತ್ರ ಬೀಳುತ್ತದೆ, ಗುಜರಿಗೂ ಹೋಗುತ್ತದೆ. ಶಹಾಬಾದಿನ ಪರಶಿ ಕಲ್ಲು ಇಲ್ಲಿಯೇ ಕೈಗೆಟಕುವ ಬೆಲೆಗೆ ಸಿಗುತ್ತದೆ, ಕಲ್ಲು ಕಡೆಯುವವರೂ ಇದ್ದಾರೆ. ಒಂದು ಮೊಳದ ಕಲ್ಲಿನ ಮೇಲೆ ಐದು ಸಾಲು ಕೊರೆಸಬೇಕು: ಹೆಸರು, ತಂದೆತಾಯಿಯ ಹೆಸರು, ಪಡೆ, ಸತ್ತ ಸ್ಥಳ, ತಾರೀಖು. ಉದ್ಘಾಟಿಸಿದವರ ಹೆಸರು ಬೇಕೇಬೇಕು ಎನ್ನುವವರಿದ್ದರೆ ಅದನ್ನು ಕಲ್ಲಿನ ಹಿಂಬದಿಗೆ ಬರೆಸಬಹುದು.